ಬಿಸಿಯಾಗಲೊಲ್ಲದ ತೊಟ್ಟಿ

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಅಮೆರಿಕದಲ್ಲಿ ತನ್ನದೆನ್ನಿಸುವಂಥದ್ದು ಏನಾದರೂ ಸಿಗುವುದು ಕಷ್ಟ. ನನಗೆ ಸಿಕ್ಕಿತು. ಮಿನ್ನೆಸೋಟದ ಮಗಳ ಮನೆಯ ಹಿತ್ತಿಲಲ್ಲಿ, ಆಕಾಶ ನೋಡುತ್ತ ಕೂತಿರುವ ಹಾಟ್ ಟಬ್ಬು. ಚೆನ್ನಾಗಿ ನಡೆಯುತ್ತಿದ್ದಾಗ ಅದರ ಮೇಲೆ ನನಗೆ ಯಾವ ಮಮಕಾರವೂ ಇರಲಿಲ್ಲ. ಕೆಲಸ ನಿಲ್ಲಿಸಿತು ನೋಡಿ, ಆಗ ಹುಟ್ಟಿತು.

ಐದು ಜನ ಕಾಲು ಚಾಚಿ ಕೂರಬಹುದಾದ, ಸುಮಾರು 1500 ಲೀಟರ್ ನೀರು ಹಿಡಿಯುವ ತೊಟ್ಟಿ ಅದು. ಎಷ್ಟೇ ಗುಂಡಿ ಒತ್ತಿದರೂ 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 40 ಸೆಲ್ಸಿಯಸ್ ದಾಟುವುದಿಲ್ಲ. ಅದಕ್ಕಿಂತ ಬಿಸಿನೀರಲ್ಲಿ ಕೂತರೆ ಜೋಂಪು ಹತ್ತಿ ಮುಳುಗಿಯಾರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 1979ರಲ್ಲೇ ಎಚ್ಚರಿಸಿದೆ. ನನ್ನ ಹೆಂಡತಿಯದೋ, ಬಂಧುಬಳಗದ ಬಾಣಂತಿಯರಿಗೆಲ್ಲ ಹಬೆಯಾಡುವ ನೀರು ಹುಯ್ದ ಕೈ. ಮೊದಲ ದಿನ ಬೆರಳದ್ದಿ ನೋಡಿ, "ರೀ, ಇದು ಕೂಸಿಗೂ ಸಾಲದು" ಅಂದಳು. ಆದರೆ ನೀರಿನ ಆ ಚಿಮ್ಮು ಮಂಡಿನೋವಿಗೆ ಹಿತವೆನಿಸಿದ್ದೇ ತಡ, ಸಂಜೆಯಾದರೆ ಅಲ್ಲೇ ಠಿಕಾಣಿ. ಆ ಚಿಮ್ಮು ಹುಟ್ಟಿದ್ದೂ ಕೀಲುನೋವಿನಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಬಾವಿ ಪಂಪು ಮಾಡುತ್ತಿದ್ದ, ಇಟಲಿ ಮೂಲದ ಜಕೂಜಿ ಮನೆತನದವರು ತಮ್ಮ ಮನೆಯ ಸಂಧಿವಾತದ ಮಗುವಿಗಾಗಿ ಸ್ನಾನದ ತೊಟ್ಟಿಗೊಂದು ಪಂಪು ಇಳಿಬಿಟ್ಟಿದ್ದರು.

ದೀಪಾವಳಿ ಮುಗಿದು, ಹೊರಗಿಟ್ಟ ನೀರು ಹೆಪ್ಪುಗಟ್ಟುವ ಚಳಿ ಶುರುವಾದಾಗ ನಮ್ಮ ಟಬ್ಬು ತಣ್ಣಗಾಯಿತು. ಪರದೆಯ ಮೇಲೆ ಎಫ್, ಎಲ್, ಒ ಎಂಬ ಮೂರಕ್ಷರ. ಅಳಿಯ ಸಾಫ್ಟ್‌ವೇರಿನವನು, ಮೊದಲು ಎಲ್ಲವನ್ನೂ ಆರಿಸಿ ಮತ್ತೆ ಹಾಕಿದ. ಅದು ಅವರ ಕುಲಧರ್ಮ. ಫಲ ಕಾಣದೆ, "ಹೀಟರೇ ಸುಟ್ಟಿರಬೇಕು ಮಾವ" ಎಂದು ಬ್ರೇಕರ್ ಇಳಿಸಿ ಮಲ್ಟಿಮೀಟರ್ ಹಿಡಿದ. ಹತ್ತೂವರೆ ಓಮ್ ತೋರಿಸಿತು. 240 ವೋಲ್ಟಿನ, ಐದೂವರೆ ಕಿಲೋವಾಟ್ ಹೀಟರು ತೋರಿಸಬೇಕಾದ್ದೇ ಅಷ್ಟು. ಗುಂಡುಕಲ್ಲಿನ ಹಾಗಿದೆ ಹೀಟರು!

"ಮತ್ಯಾಕೆ ಕಾಯಿಸ್ತಿಲ್ಲ?"

"ಸಹಿ ಬಿದ್ದಿಲ್ಲ" ಎಂದೆ.

ಈ ಹೀಟರು ನಮ್ಮ ತಹಶೀಲ್ದಾರರು. ಅಧಿಕಾರವೆಲ್ಲ ಅವರದೇ, ಆದರೆ ಕೆಳಗಿನ ಮೇಜುಗಳಿಂದ ಕಡತ ಏರಿ ಬರದೆ ಪೆನ್ನು ಎತ್ತುವುದಿಲ್ಲ. ನೀರಿನ ಹರಿವು ನೋಡುವ ಸ್ವಿಚ್ಚು ಒಬ್ಬ ಗುಮಾಸ್ತ. ಬಿಸಿ ಅಳೆಯುವ ಸೆನ್ಸರ್ ಇನ್ನೊಬ್ಬ. ಮಿತಿ ಮೀರಿ ಕಾದರೆ ಸಂಪರ್ಕ ಕಡಿಯುವವನು ಮೂರನೆಯವ. ಗೋಡೆಯ ಮೇಲಿನ ಬ್ರೇಕರ್ ಅಂತೂ ಆಡಿಟ್‌ನವನು: ಹೋದ ಕರೆಂಟಿಗೂ ಬಂದ ಕರೆಂಟಿಗೂ ಚೂರು ತಾಳೆಯಾಗದಿದ್ದರೂ ಇಡೀ ಕಚೇರಿಗೆ ಬೀಗ. ಇವರಲ್ಲಿ ಒಬ್ಬ ಆಕ್ಷೇಪಣೆ ಬರೆದರೂ ನೀರು ತಣ್ಣಗೆ. ಬರೆಯುವುದು ತಪ್ಪೆಂದು ನಾನು ಹೇಳಲಾರೆ. ನೀರು ಹರಿಯದ ಕೊಳವೆಯೊಳಗೆ ಹೀಟರು ಕಾದರೆ ಮೊದಲು ಸುಟ್ಟುಹೋಗುವುದು ಅದೇ. ಸಾಹೇಬರನ್ನು ಬೈದು ಪ್ರಯೋಜನವಿಲ್ಲ, ಆಕ್ಷೇಪಣೆ ಯಾವ ಮೇಜಿನದೆಂದು ಹುಡುಕಬೇಕು. ಸರ್ವಿಸ್ಸಿನುದ್ದಕ್ಕೂ ನಾನು ಹುಡುಕಿದ್ದು ಅದನ್ನೇ. ಅನೇಕ ಸಲ ಅದನ್ನು ಬರೆದವನೂ ನಾನೇ ಆಗಿರುತ್ತಿದ್ದೆ.

ಬ್ರೇಕರ್ ಸರಿಯಿತ್ತು. ನೀರಿನ ಮಟ್ಟವೂ ಸರಿ. ಎಕಾನಮಿ ಮೋಡಿಗೆ ಹೋಗಿದ್ದರೆ ಫಿಲ್ಟರ್ ಓಡುವ ಹೊತ್ತಿನಲ್ಲಿ ಮಾತ್ರ ಕಾಯಿಸುತ್ತದಂತೆ. ಮೊಮ್ಮಗನ ಬೆರಳುಗಳ ಮೇಲೆ ಎಲ್ಲರಿಗೂ ಅನುಮಾನವಿತ್ತು, ಪಾಪ, ಅವನೂ ನಿರಪರಾಧಿ. ಉಳಿದದ್ದು ಫಿಲ್ಟರ್. ಅಳಿಯ ಅದನ್ನು ಹೊರಗೆಳೆದಿಟ್ಟು ಪಂಪು ಓಡಿಸಿದ. ಮೂರಕ್ಷರ ಮಾಯ, ಹೀಟರಿನ ದೀಪ ಹತ್ತಿತು!

ಚಳಿಗೆ ಇಟ್ಟ ಫಿಲ್ಟರಿನ ಮಡಿಕೆಗಳಲ್ಲಿ, ನಾವು ನೋಡುತ್ತಿದ್ದಂತೆಯೇ, ಬೆಳ್ಳಗೇನೋ ಗಟ್ಟಿಯಾಗತೊಡಗಿತು. ಅಳಿಯ ಬಗ್ಗಿ ಮೂಸಿದ.

"ಮಾವ, ಕೊಬ್ಬರಿ ಎಣ್ಣೆ!"

ನರಕ ಚತುರ್ದಶಿಯ ಬೆಳಗ್ಗೆ ನನ್ನ ಹೆಂಡತಿ ಮನೆಮಂದಿಯನ್ನು ಸಾಲಾಗಿ ಕೂರಿಸಿ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿದ್ದಳು. ಅಷ್ಟು ದೊಡ್ಡ ಬಿಸಿನೀರಿನ ತೊಟ್ಟಿ ಹಿತ್ತಿಲಲ್ಲಿರುವಾಗ ಒಳಗಿನ ಷವರ್ ಯಾರಿಗೆ ಬೇಕು? ಎಣ್ಣೆಯಾದವರು ಆದಂತೆ ಅದರೊಳಗೆ ಇಳಿದಿದ್ದರು.

"ಅತ್ತೆ..." ಎಂದು ಅಳಿಯ ಶುರುಮಾಡಿದ.

ಅವಳು ಫಿಲ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತೆ ಬಿಡಿ" ಅಂದಳು.

ಸೀಗೆಪುಡಿಗೆ ಅಳಿಯ ಒಪ್ಪದೆ ಹೊಸ ಫಿಲ್ಟರ್ ತಂದ. ಎಣ್ಣೆನೀರು ಖಾಲಿ ಮಾಡಿ, ತೊಟ್ಟಿ ತೊಳೆದು, ಮತ್ತೆ ತುಂಬಿಸಿದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡು ಬರೀ ಗುಂಯ್ ಅನ್ನುವ ಸದ್ದು. ನಟ್ಟು ತುಸು ಸಡಿಲಿಸಿ ಗಾಳಿ ಬಿಟ್ಟ ಮೇಲೆ ನೀರು ಹಿಡಿಯಿತು. ನಲ್ಲಿಯ ಕೊರೆಯುವ ನೀರು ಗಂಟೆಗೆ ಮೂರು ಡಿಗ್ರಿ ಸೆಲ್ಸಿಯಸ್‌ನಂತೆ ಏರಿ ನಲವತ್ತು ಮುಟ್ಟುವಷ್ಟರಲ್ಲಿ ರಾತ್ರಿ ಕಳೆದಿತ್ತು.

ಬೆಳಗ್ಗೆ ಟಬ್ಬಿನ ಪಕ್ಕ ಅಳಿಯನ ಸುತ್ತೋಲೆ ಅಂಟಿಕೊಂಡಿತ್ತು: "ಇಳಿಯುವ ಮುನ್ನ ಎಲ್ಲರೂ ಕಡ್ಡಾಯವಾಗಿ ಸೋಪು ಹಚ್ಚಿ ಸ್ನಾನ ಮಾಡತಕ್ಕದ್ದು." ಒಕ್ಕಣೆ ನನ್ನದು. ನನ್ನ ಹೆಂಡತಿ ಟವಲು ಹೆಗಲಿಗೆ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು.

"ಸ್ನಾನ ಮಾಡಿ ಬಂದು ಆಮೇಲೆ ಸ್ನಾನ ಮಾಡೋದೇನ್ರೀ?"