ನಮ್ಮೂರಿನ ನಂಜಮ್ಮ

ಹೆಬ್ಬೂರಿನಲ್ಲಿ ಕುಣಿಗಲ್ ಬಸ್ಸಿಗೆ ಕಾಯುವಾಗ ಕಾದಂಬ್ರಿ ಮೇಷ್ಟ್ರ ಪಕ್ಕ ಮಾತ್ರ ಕೂರಬೇಡಿ. ಬಸ್ಸು ಬರುವಷ್ಟರಲ್ಲಿ ನಿಮಗೊಂದು ಪಾತ್ರ ಗಂಟುಬಿದ್ದಿರುತ್ತದೆ. ನನಗೆ ‘ಗೃಹಭಂಗ’ದ ಅಪ್ಪಣ್ಣಯ್ಯ ಗಂಟುಬಿದ್ದು 6 ವರ್ಷವಾಯಿತು, ಪುಸ್ತಕ ಓದಿದವರು ನನ್ನನ್ನು ಕಂಡರೆ ಈಗಲೂ ಮುಸಿಮುಸಿ ನಗುತ್ತಾರೆ.

ಮೇಷ್ಟ್ರು ಯಾವ ಕಾದಂಬರಿ ಓದಿದರೂ ಅದು ಅವರ ಮನೆಯದೇ ಕಥೆ. 4 ಎಕರೆ ತೆಂಗಿನ ತೋಟವಿದ್ದೂ, ಅಣ್ಣನ ಜೊತೆ ಬದುವಿನ ತಕರಾರು ಬಂದಾಗ ಕಾರಂತರ ಚೋಮನಾದರು. (ಚೋಮನಿಗೆ ಸಾಯುವವರೆಗೂ ತುಂಡು ನೆಲ ಸಿಗಲಿಲ್ಲ ಎಂದು ನೆನಪಿಸಿದವನ ಜೊತೆ ಮಾತು ಬಿಟ್ಟರು.) ಮನೆಯ ನಾಯಿಗೆ ‘ಮಲೆಗಳಲ್ಲಿ ಮದುಮಗಳು’ವಿನ ಗುತ್ತಿಯ ನಾಯಿ ಹುಲಿಯನ ಹೆಸರು, ಅದು ದೀಪಾವಳಿಯ ಮೂರೂ ದಿನ ಮಂಚದ ಕೆಳಗೆ. ಬೆಂಗಳೂರು ಸೇರಿದ ಮಗ ‘ಮರಳಿ ಮಣ್ಣಿಗೆ’ಯಲ್ಲಿ ಮನೆ ಮುಳುಗಿಸಿದ ಲಚ್ಚ. ಅವನು ಫೋನಿನಲ್ಲೇ ಕೇಳಿದನಂತೆ: “ಅಪ್ಪಾ, ಲಚ್ಚ ತಿಂಗ್ಳು ತಿಂಗ್ಳು ದುಡ್ಡು ಕಳಿಸ್ತಿದ್ನಾ?”

ಆದರೆ ಅವರ ಜೀವ ಇರುವುದು ಭೈರಪ್ಪನವರ ‘ಗೃಹಭಂಗ’ದಲ್ಲಿ. 1970ರಲ್ಲಿ ಬಂದದ್ದು. ತಿಪಟೂರು ಸೀಮೆಯ ಕಥೆ. ಮಾತು ನಮ್ಮದೇ, ಬೈಗುಳವೂ ನಮ್ಮದೇ. ಶ್ಯಾನುಭೋಗ ಚೆನ್ನಿಗರಾಯ ಉಂಡು ಮಲಗುತ್ತಾನೆ. ಅವನ ಲೆಕ್ಕ ಬರೆಯುವವಳು, ಮುತ್ತುಗದ ಎಲೆ ಹಚ್ಚುವವಳು, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡೂ ಸಂಸಾರ ಎಳೆಯುವವಳು ನಂಜಮ್ಮ. “ಈ ಮನೇಲಿ ನಾನೇ ಕಣಯ್ಯಾ ನಂಜಮ್ಮ” ಎಂದು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾರೆ. ಕಣ್ಣೊರೆಸಿಕೊಳ್ಳುವುದು ಮನೆಯ ಮುಂದಿನ ಕಿರಾಣಿ ಅಂಗಡಿಯಲ್ಲಿ, ಆರಾಮಕುರ್ಚಿಯ ಮೇಲೆ. ಗಲ್ಲಾದ ಮುಂದೆ ಕೂತು ಸಾಲದ ಪುಸ್ತಕ ಬರೆಯುವವರು, ಕೊಬ್ಬರಿ ತೂಗಿಸುವವರು, ಕರೆಂಟ್ ಬಿಲ್ಲು ಕಟ್ಟುವವರು ಅವರ ಹೆಂಡತಿ.

ತಾನೇ ನಂಜಮ್ಮ ಎಂದವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ, ಗಂಡಸರೂ ಸೇರಿ. ತಾನೇ ಚೆನ್ನಿಗರಾಯ ಎಂದವನನ್ನು ನಾನಿನ್ನೂ ಕಂಡಿಲ್ಲ.

ಹೋದ ತಿಂಗಳು ಮೇಷ್ಟ್ರೇ ಒತ್ತಾಯ ಮಾಡಿ ಅಮ್ಮಾವ್ರ ಕೈಗೆ ಪುಸ್ತಕ ಕೊಟ್ಟರು, ತಮ್ಮ ಕಷ್ಟ ಅವರಿಗೂ ತಿಳಿಯಲಿ ಅಂತ. ಗಿರಾಕಿಗಳ ನಡುವೆ ಬಿಡುವು ಮಾಡಿಕೊಂಡು 18 ದಿನ ಓದಿದರು. ಮುಗಿಸಿದ ಮಧ್ಯಾಹ್ನ ಬೆಲ್ಲಕ್ಕೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ. ಅಮ್ಮಾವ್ರು ಪುಸ್ತಕ ಮುಚ್ಚಿ, ಗಲ್ಲಾದ ಮೇಲಿಟ್ಟು, ನನಗೆ ಬೆಲ್ಲ ತೂಗಿ ಕೊಟ್ಟು ಒಳಗೆ ಹೋದರು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು ಅಭಿಪ್ರಾಯಕ್ಕೆ ಕಾದರು. ಒಳಗಿಂದ ದನಿ ಬಂತು:

“ಚೆನ್ನಿಗರಾಯ್ರೇ, ಏಳಿ. ಮುದ್ದೆ ಆರೋಗ್ತೈತೆ.”