ನಾಲ್ಕು ಜೌಲ್ ಶೂರನ ಸಂದರ್ಶನ

ಸಂದರ್ಶನಕ್ಕೆ ಒಪ್ಪಿಕೊಂಡ ಕೊಲಿಬ್ರಿ ಪಿಸ್ತೂಲು ಒಂದೇ ಒಂದು ಷರತ್ತು ಹಾಕಿತ್ತು: ಭೂತಗನ್ನಡಿ ತರಕೂಡದು. ಸಂದರ್ಶಕರು ಬರೀ ಚಾಳೀಸು ಏರಿಸಿಕೊಂಡು ಹೋದರು. ಸಂಗ್ರಾಹಕರೊಬ್ಬರ ಗಾಜಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ ಅದು ಒರಗಿತ್ತು. ಹುಟ್ಟೂರು ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿ ದಡದ ಕ್ರೆಮ್ಸ್. ಅಪ್ಪ ಫ್ರಾಂಜ್ ಫಾನ್ಲ್, ವೃತ್ತಿಯಿಂದ ಗಡಿಯಾರದವರು. 1910ರಲ್ಲಿ ಪೇಟೆಂಟು, 1914ರಲ್ಲಿ ಅಂಗಡಿ ಪ್ರವೇಶ.

“ನಾನು ಅಂಗಡಿಗೆ ಬಂದ ವರ್ಷವೇ ಯುರೋಪಿನವರೆಲ್ಲ ಒಬ್ಬರ ಮೇಲೊಬ್ಬರು ಫಿರಂಗಿ ಹಾರಿಸಲು ನಿಂತರು. ಇನ್ನು ನನ್ನನ್ನು ಕೇಳೋರು ಯಾರು?” ಎಂದು ಮಾತಿಗಾರಂಭಿಸಿತು. ಈ ವಂಶದಲ್ಲಿ ಹುಟ್ಟಿದ್ದೇ ಸುಮಾರು ಸಾವಿರ.

“ಹೆಂಗಸರ ಪರ್ಸಿನಲ್ಲಿಟ್ಟುಕೊಳ್ಳುವ ಆತ್ಮರಕ್ಷಣೆಯ ಆಯುಧ ಅಂತ ನಿಮ್ಮನ್ನು ಮಾರಿದರಂತೆ. ನಿಮ್ಮ ಗುಂಡಿನ ವಿವರ ಹೇಳ್ತೀರಾ?”

“ವ್ಯಾಸ 2.7 ಮಿಲಿಮೀಟರ್. ತೂಕ 0.2 ಗ್ರಾಂ. ವೇಗ ಸೆಕೆಂಡಿಗೆ 200 ಮೀಟರ್,” ಎಂದಿತು ಕೊಲಿಬ್ರಿ, ಎದೆಯುಬ್ಬಿಸಿ.

ಸಂದರ್ಶಕರು ಹೈಸ್ಕೂಲಿನ ಭೌತಶಾಸ್ತ್ರ ನೆನಪಿಸಿಕೊಂಡು ಲೆಕ್ಕ ಹಾಕಿದರು. ನಾಲ್ಕು ಜೌಲ್. ಒಂದು ಕಿಲೋ ಬೆಲ್ಲದ ಅಚ್ಚು ಮೊಳದೆತ್ತರದಿಂದ ಕಾಲ ಮೇಲೆ ಬಿದ್ದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಪೊಲೀಸರ ಸೊಂಟದಲ್ಲಿರುವ 9 ಎಂ.ಎಂ. ಪಿಸ್ತೂಲಿನ ಗುಂಡಿನದು 500 ಜೌಲ್ ಆಸುಪಾಸು. ಲೆಕ್ಕ ಕೇಳಿದ ಕೊಲಿಬ್ರಿ ಕೊಂಚ ಮೌನವಾಗಿ, “ಕಣ್ಣಿಗೆ ಬಿದ್ದರೆ ಗೊತ್ತಾಗುತ್ತೆ,” ಎಂದಿತು.

“ಬೀಳಬೇಕಲ್ಲ? ಗುಂಡು ಗಿರಕಿ ಹೊಡೆಯುತ್ತ ನೆಟ್ಟಗೆ ಹೋಗಲು ಬೇಕಾದ ಗೀರುಗಳೇ ನಿಮ್ಮ ನಳಿಕೆಯೊಳಗೆ ಇಲ್ಲವಂತೆ.”

“ಅಷ್ಟು ಸಣ್ಣ ತೂತಿನೊಳಗೆ ಗೀರು ಕೊರೆಯುವ ಕೈಚಳಕ ಆ ಕಾಲಕ್ಕೆ ಇರಲಿಲ್ಲ. ಅದು ನನ್ನ ತಪ್ಪಾ? ಇನ್ನು ನನ್ನ ತೋಟಾ ಇರೋದು 11 ಮಿಲಿಮೀಟರ್ ಉದ್ದ. ಎದುರಿಗೆ ಕಳ್ಳ ನಿಂತಿರುವಾಗ, ನಡುಗುವ ಬೆರಳಲ್ಲಿ ಅದನ್ನು ತುಂಬಿ ನೋಡಿ. ಒಂದು ಕೆಳಗೆ ಬಿತ್ತು ಅಂದರೆ ಕಳ್ಳನೂ ಬಗ್ಗಿ ಹುಡುಕಿಕೊಡಬೇಕು.”

ಇಷ್ಟಾದರೂ ಅದು ತನ್ನ ಕುಲಕ್ಕೇ ಅತಿ ಬಡಪಾಯಿಯಲ್ಲ. ಸ್ವಿಟ್ಜರ್ಲೆಂಡಿನ ಸ್ವಿಸ್‌ಮಿನಿಗನ್ ರಿವಾಲ್ವರ್ 5.5 ಸೆಂಟಿಮೀಟರ್ ಉದ್ದವಿದೆ; ಅದರ ಗುಂಡಿಗೆ ಒಂದು ಜೌಲ್ ಕೂಡ ದಕ್ಕುವುದಿಲ್ಲ. ಆದರೆ ಅದು ಗಿನ್ನೆಸ್ ದಾಖಲೆಗೆ ಸೇರಿ ಆತ್ಮರಕ್ಷಣೆಯ ಸೋಗನ್ನೇ ಬಿಟ್ಟಿದೆ. ಬುದ್ಧಿವಂತ.

ಬಂಧುಬಳಗದ ವಿಚಾರ ಬಂದಾಗ ಕೊಲಿಬ್ರಿಗೆ ಹುರುಪು ಬಂತು. ಬೆಲ್ಜಿಯಂನ ಲೂಯಿ ಡಾಲ್ನೆ 19ನೇ ಶತಮಾನದಲ್ಲಿ ಮಾಡಿದ ಅಪಾಚೆ ರಿವಾಲ್ವರಿನದು ಮೂರು ವೇಷ: ಮಡಿಸಿದರೆ ಬೆರಳಿಗೆ ತೊಟ್ಟು ಗುದ್ದುವ ಲೋಹದ ಪಟ್ಟಿ, ಬಿಚ್ಚಿದರೆ ಚಾಕು, ನಡುವೆ ಆರು ತೋಟಾದ ಗಾಲಿ. ನಳಿಕೆ ಮಾತ್ರ ಇಲ್ಲ, ಹಾಗಾಗಿ ಕೈಗೆ ಸಿಗುವಷ್ಟು ಹತ್ತಿರದವರಿಗಷ್ಟೇ ಅದರ ಭಯ. ಜೇಬಿನಲ್ಲೇ ಸಿಡಿದು ಒಡೆಯನ ತೊಡೆ ಸೀಳೀತೆಂದು ಒಂದು ಗೂಡು ಖಾಲಿ ಬಿಡುವುದು ವಾಡಿಕೆಯಾಗಿತ್ತು. ಜೇಬಿನ ಆಯುಧಕ್ಕೆ ಮೊದಲು ಹೆದರುವವರು ಜೇಬಿನವರೇ.

“ಫ್ರಾನ್ಸಿನ ವೆಲೋಡಾಗ್ ಮಾತ್ರ ಸಂಭಾವಿತ,” ಎಂದಿತು ಕೊಲಿಬ್ರಿ. 1890ರ ದಶಕದಲ್ಲಿ ಸೈಕಲ್ ಸವಾರರನ್ನು ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದಾಗ ಹುಟ್ಟಿದ ರಿವಾಲ್ವರ್ ಅದು. ನಾಯಿ ಕೊಲ್ಲಲು ಮನಸ್ಸಾಗದವರಿಗೆ ಖಾರದಪುಡಿಯ ತೋಟಾವೂ ಸಿಗುತ್ತಿತ್ತು. ನಡುರಾತ್ರಿ ಬೆಂಗಳೂರಿನ ಅಡ್ಡರಸ್ತೆಯಲ್ಲಿ ಸ್ಕೂಟರ್ ಓಡಿಸಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ.

“ನಿಮ್ಮವರು ಯಾರೂ ಕೆಲಸ ಸಾಧಿಸಿಯೇ ಇಲ್ಲವೆ?”

ಪಿಸ್ತೂಲು ದನಿ ತಗ್ಗಿಸಿತು. “ಸಾಧಿಸಿದ್ದಾರೆ. 1865ರ ಏಪ್ರಿಲ್ 14, ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆ. ಅಂಗೈಯಲ್ಲಿ ಮುಚ್ಚಿಹೋಗುವ ಡೆರಿಂಜರ್. ಬೂತ್ ಎಂಬವನು ಹಿಂದಿನಿಂದ ಬಂದು ಅಧ್ಯಕ್ಷ ಲಿಂಕನ್ ತಲೆಗೆ ಹೊಡೆದ.”

ಆಮೇಲೇನಾಯಿತು ಎಂಬುದನ್ನು ಅದು ಹೇಳಲಿಲ್ಲ, ಸಂದರ್ಶಕರೇ ಹೇಳಬೇಕಾಯಿತು. ಡೆರಿಂಜರಿನಲ್ಲಿದ್ದುದು ಒಂದೇ ಗುಂಡು. ಪಕ್ಕದಲ್ಲಿದ್ದ ಮೇಜರ್ ರಾತ್‌ಬೋನ್ ಮೇಲೆ ಬಿದ್ದು ಹಿಡಿದಾಗ, ಅಂದರೆ ಬೂತ್‌ಗೆ ನಿಜವಾಗಿ ರಕ್ಷಣೆ ಬೇಕಾದಾಗ, ಪಿಸ್ತೂಲು ಬಿಸಾಕಿ ಚಾಕು ಹಿರಿಯಬೇಕಾಯಿತು. ಬಚ್ಚಿಟ್ಟ ಪುಟ್ಟ ಬಂದೂಕು ಹೊಂಚು ಹಾಕುವವನಿಗೆ ಒದಗುತ್ತದೆ, ಹೊಂಚಿಗೆ ಸಿಕ್ಕವನಿಗೆ ಒದಗುವುದಿಲ್ಲ. ಸೋವಿಯತ್ ಒಕ್ಕೂಟದ ಕೆಜಿಬಿ 1960ರ ದಶಕದಲ್ಲಿ ಲಿಪ್‌ಸ್ಟಿಕ್ಕಿನೊಳಗೆ ಒಂದು ಗುಂಡಿನ ಪಿಸ್ತೂಲು ಅಡಗಿಸಿದ್ದೂ ಯಾರ ರಕ್ಷಣೆಗೂ ಅಲ್ಲ.

“ಈಗಿನ ಹುಡುಗರು ಹೇಗೆ?” ಎಂದು ಕೊಲಿಬ್ರಿಯೇ ವಿಚಾರಿಸಿತು.

ಅಮೆರಿಕದ ಮಿನ್ನೆಸೋಟದಲ್ಲಿ 2016ರಲ್ಲಿ ಒಂದು ಕಂಪನಿ ಮೊಬೈಲ್ ಫೋನಿನಂತೆ ಕಾಣುವ ಎರಡು ನಳಿಕೆಯ ಪಿಸ್ತೂಲು ಪ್ರಕಟಿಸಿದ್ದನ್ನು ಸಂದರ್ಶಕರು ವರ್ಣಿಸಿದರು. ಮಡಿಸಿದರೆ ಫೋನು, ಹೊಡೆಯಬೇಕೆಂದರೆ ತೆಗೆದು, ಬಿಡಿಸಿ, ಹಿಡಿ ಸರಿಮಾಡಿಕೊಳ್ಳಬೇಕು. ದರೋಡೆಕೋರ ಅಷ್ಟರವರೆಗೆ ಕಾಯುವ ಸೌಜನ್ಯವಂತನಾಗಿರಬೇಕು. ಇನ್ನೂ ಮುಖ್ಯವಾಗಿ, ಅವನು ಮೊದಲು ಕೇಳುವುದೇ ಫೋನನ್ನು.

ಇಲ್ಲಿಂದ ಮುಂದೆ ನಗು ಬರಲಿಲ್ಲ. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಪರ್ಸ್ ತೆಗೆದ 23 ವರ್ಷದ ವಲಸಿಗ ಯುವಕನ ಮೇಲೆ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಅದು ಬಂದೂಕು ಎಂದುಕೊಂಡರಂತೆ. 2018ರಲ್ಲಿ ಸ್ಯಾಕ್ರಮೆಂಟೊದಲ್ಲಿ ಅಜ್ಜಿಯ ಮನೆಯ ಹಿತ್ತಲಲ್ಲೇ ಪೊಲೀಸರ ಗುಂಡಿಗೆ ಸತ್ತವನ ಕೈಯಲ್ಲಿದ್ದುದು ಫೋನು. ಫೋನೇ ಬಂದೂಕಾಗಿ ಕಾಣುವ ಊರಿಗೆ ಫೋನಿನಂಥ ಬಂದೂಕನ್ನೂ ಕೊಟ್ಟರೆ ಅಪಾಯ ಯಾರಿಗೆ? ಅದನ್ನು ಕೊಂಡವನಿಗಿಂತ ಹೆಚ್ಚಾಗಿ, ಬರೀ ಫೋನು ಹಿಡಿದು ನಿಂತವನಿಗೆ.

“ನಿಮ್ಮ ಕಡೆ ಹೇಗೆ?” ಪಿಸ್ತೂಲು ಮಾತು ಬದಲಿಸಿತು.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ, ಎಲ್ಲರಿಗೂ ಕಾಣುವಂತಿಟ್ಟು ಪೂಜಿಸುತ್ತಾರೆಂದು ಸಂದರ್ಶಕರು ಹೇಳಿದರು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ರಕ್ಷಣೆಗೆಂದೇ ‘ನಿರ್ಭೀಕ್’ ರಿವಾಲ್ವರ್ ತಂದು 1,22,360 ರೂಪಾಯಿ ಬೆಲೆಯಿಟ್ಟದ್ದನ್ನೂ ಹೇಳಿದರು. ಅಷ್ಟು ದುಡ್ಡು ಕೊಡಬಲ್ಲ ಮಹಿಳೆ ರಾತ್ರಿ ಕಾರಿನಲ್ಲಿ ಓಡಾಡುತ್ತಾಳೆ, ಸಿಟಿ ಬಸ್ಸಿನಲ್ಲಲ್ಲ.

“ನಾನೂ ಬರಲೆ? ನನ್ನದು ಬರೀ ನಾಲ್ಕು ಜೌಲ್, ಯಾರೂ ಕೇಳಲಿಕ್ಕಿಲ್ಲ.”

ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್ ಮೀರದ, 4.5 ಮಿಲಿಮೀಟರಿನೊಳಗಿನ ಏರ್‌ಗನ್ನಿಗೆ ಭಾರತದಲ್ಲಿ ಲೈಸೆನ್ಸ್ ಬೇಡ. ಮದ್ದು ಸಿಡಿಸಿ ಗುಂಡು ಹಾರಿಸುವ ಕೊಲಿಬ್ರಿಯ ಶಕ್ತಿ ಅದರ ಐದನೇ ಒಂದು ಭಾಗ. ಆದರೂ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕೇ. ಇಟ್ಟುಕೊಳ್ಳುವವರು ಅರ್ಜಿ ಹಾಕಬೇಕು, ಪೊಲೀಸ್ ತನಿಖೆಗೆ ಒಳಪಡಬೇಕು.