ಮುಟ್ಟಿದರೆ ಒಂದು, ತಿಕ್ಕಿದರೆ ಇನ್ನೊಂದು

ಬನಹಟ್ಟಿಯಿಂದ ಬರುವ ವಾಟ್ಸಾಪ್ ಧ್ವನಿಯನ್ನು ಹೆಸರು ನೋಡದೆಯೇ ಗುರುತು ಹಿಡಿಯಬಹುದು. ಮೊದಲು ಮಗ್ಗ ಮಾತಾಡುತ್ತದೆ, ಆಮೇಲೆ ಮನುಷ್ಯರು. ಖಟಕ್ ಖಟಕ್ ಎಂಬ ಪಾವರ್‌ಲೂಮಿನ ಸದ್ದನ್ನು ಸೀಳಿಕೊಂಡು ಒಬ್ಬ ವೈನಿ, "ಸೀರಿ ಫೋಟೋ ಹಾಕೀನಿ ನೋಡವಾ. ದಡಿ ಬಣ್ಣ ಫೋಟೋದಾಗ ತೆಳು ಕಾಣತೈತಿ, ಖರೇ ಅಂದ್ರ ತುಸು ಗಾಢ ಐತಿ" ಎನ್ನುತ್ತಾಳೆ. ಆಕೆ ಟೈಪ್ ಮಾಡಲು ಕೂತಿದ್ದರೆ ಆ ‘ತುಸು’ ನಮಗೆ ದಕ್ಕುತ್ತಿರಲಿಲ್ಲ. ಬರೀ ‘ಓಕೆ’ ಬರುತ್ತಿತ್ತು, ಇಲ್ಲವೇ ಒಂದು ಹೆಬ್ಬೆಟ್ಟಿನ ಚಿತ್ರ.

ಹಾಗಾಗಿ ನನ್ನ ಓಟು ಮೊದಲೇ ಹಾಕಿಬಿಡುತ್ತೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕಿನಲ್ಲಿ, ಫೋನಿನ ಮೇಲೆ ಬೆರಳಾಡಿಸುವ ಯಾವ ಕಸರತ್ತು ನಿಮಗೆ ಇಷ್ಟ ಎಂದು ಚುನಾವಣೆ ಇಟ್ಟರೆ, ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದೇ ಗೆಲ್ಲುತ್ತದೆ. ಉಳಿದವೆಲ್ಲ ಠೇವಣಿ ಕಳೆದುಕೊಳ್ಳುತ್ತವೆ. ವಾಟ್ಸಾಪ್ ಇದನ್ನು ಕೊಟ್ಟದ್ದು 2013ರಲ್ಲಿ. ಒತ್ತು, ಮಾತಾಡು, ಬಿಡು. ಬಿಟ್ಟರೆ ಹೋಯಿತು. ಬೇಡವೆನಿಸಿದರೆ ಬೆರಳನ್ನು ಎಡಕ್ಕೆ ಸರಿಸಿದರಾಯಿತು, ಆಡಿದ ಮಾತು ಕಸದ ಬುಟ್ಟಿಗೆ. ಈ ಎಡಕ್ಕೆ ಸರಿಸುವ ಸೌಲಭ್ಯ ಎಷ್ಟು ಸಂಸಾರಗಳನ್ನು ಉಳಿಸಿದೆಯೋ! ತವರಿಗೆ ಅತ್ತೆಯ ವರದಿ ಒಪ್ಪಿಸುತ್ತಿರುವಾಗ ಅತ್ತೆಯೇ ಹೊಸ್ತಿಲು ದಾಟಿ ಒಳಗೆ ಬಂದರೆ, ಸೊಸೆಯ ಹೆಬ್ಬೆರಳು ತಾನಾಗಿಯೇ ಎಡಕ್ಕೆ ಜಾರುತ್ತದೆ. ಬಾಯಿ ಮಾತ್ರ ನಿಲ್ಲುವುದಿಲ್ಲ: "ಹೂಂ ಅವ್ವಾ, ಅತ್ತಿಯಾರು ಆರಾಮ ಅದಾರ."

ಆದರೆ ಬೆರಳು ಒತ್ತಿದರೂ ಒತ್ತಿಲ್ಲ ಎನ್ನುವ ಫೋನುಗಳಿಗೆ ಏನು ಹೇಳೋಣ? ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳುವಾದ ವಿದ್ಯುತ್ ಜಾಲ ಇರುತ್ತದೆ. ನಮ್ಮ ಬೆರಳು ಅದರಿಂದ ಚೂರೇ ಚೂರು ವಿದ್ಯುತ್ತನ್ನು ಎಳೆದುಕೊಂಡಾಗ, ಎಲ್ಲಿ ಮುಟ್ಟಿದರು ಎಂದು ಫೋನಿಗೆ ತಿಳಿಯುತ್ತದೆ. ಇಂಗ್ಲೆಂಡಿನ ಮಾಲ್ವರ್ನ್ ಊರಿನ ರೇಡಾರ್ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲೇ ಈ ಬಗೆಯ ಪರದೆಯ ಬಗ್ಗೆ ಬರೆದಿದ್ದರು. ವಿಮಾನಗಳನ್ನು ನಿಯಂತ್ರಿಸುವವರಿಗಾಗಿ ಮಾಡಿದ್ದದು. ಅಲ್ಲಿ ಕೂತು ಒತ್ತುವವರ ಬೆರಳು ಮೆತ್ತಗೆ ಇದ್ದಿರಬೇಕು. ನಮ್ಮ ಕಡೆಯ ಬೆರಳು ಬೇರೆ. ಹರಿದ ಎಳೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು, ನೀವು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವ ನೇಕಾರನ ಬೆರಳು ಅದು. ತುದಿ ಒಣಗಿ, ಗಟ್ಟಿಯಾಗಿ, ಗೆರೆಗಳೇ ಸವೆದಿರುತ್ತವೆ. ಕೂದಲೆಳೆಯಂಥ ನೂಲಿಗೆ ಸಿಗುವ ಆ ಬೆರಳು ಹತ್ತು ಸಾವಿರದ ಫೋನಿಗೆ ಸಿಗುವುದಿಲ್ಲ. ‘ಬೆರಳು ಗುರುತಿಸಲಾಗಲಿಲ್ಲ, ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. ರಬಕವಿಯ ಒಬ್ಬ ಕಾಕಾ ಇದಕ್ಕೆ ಔಷಧ ಕಂಡುಹಿಡಿದಿದ್ದಾರೆ. ನೋಟು ಎಣಿಸುವ ಮುಂಚೆ ಮಾಡುವ ಹಾಗೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಒತ್ತುತ್ತಾರೆ. ಫೋನು ತಟ್ಟನೆ ತೆರೆಯುತ್ತದೆ. ವಿಜ್ಞಾನಕ್ಕೂ ಇದು ಸಮ್ಮತವೇ, ತೇವದ ಚರ್ಮ ವಿದ್ಯುತ್ತಿಗೆ ಸುಲಭ. ಆಮೇಲೆ ಆ ಫೋನನ್ನು ‘ನೋಡ್ರಿ’ ಎಂದು ನಮ್ಮ ಕೈಗೆ ಕೊಡುತ್ತಾರಲ್ಲ, ಸಮಸ್ಯೆ ಅದು.

ತುಸು ತೇವ ಒಳ್ಳೆಯದೆಂದು ಬೀಳಗಿಯವರ ಮುಂದೆ ಹೇಳಬೇಡಿ. ಆಲಮಟ್ಟಿಯ ಹಿನ್ನೀರಿನ ದಂಡೆಯವರು ಅವರು. ನೀರಿನಲ್ಲಿ ಕೈಯಾಡಿಸಿ ಹಾಗೇ ಫೋನು ಹಿಡಿದರೆ, ಗಾಜಿನ ಮೇಲೆ ಬಿದ್ದ ಪ್ರತಿ ಹನಿಯೂ ತಾನೊಂದು ಬೆರಳು ಅನ್ನುತ್ತದೆ. ನೀವು ಮುಟ್ಟದೆಯೇ ಯಾರಿಗೋ ಫೋನು ಹೋಗಿರುತ್ತದೆ. ಅದೂ ನೀವು ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರಿಗೇ.

ಇನ್ನು ಎರಡು ಬೆರಳಿಂದ ಚೂಟಿ ಹಿಗ್ಗಿಸುವುದು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್‌ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಫೋಟೋ ಒಂದನ್ನು ಹೀಗೆ ಹಿಗ್ಗಿಸಿ ತೋರಿಸಿದಾಗ ಸಭೆ ಬಾಯಿ ಬಿಟ್ಟಿತಂತೆ. ಮಹಾಲಿಂಗಪುರದ ಬೆಲ್ಲದವರು ಆ ಸಭೆಯಲ್ಲಿ ಇರಲಿಲ್ಲ, ಇದ್ದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತ ಕೊತ ಕುದಿದು ಕೆಂಪಾಗುವ ಹೊತ್ತಿಗೆ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಎರಡೇ ಬೆರಳಲ್ಲಿ ಹೊಸೆದು, ಚೂಟಿ, ಎಳೆದು ನೋಡುವುದೇ ಪಾಕದ ಪರೀಕ್ಷೆ. ಆ ಬೆರಳು ಒಂದು ಗಳಿಗೆ ತಡವಾಗಿ ‘ಬಂತು’ ಅಂದರೂ ಇಡೀ ಕೊಪ್ಪರಿಗೆ ಕೆಡುತ್ತದೆ. ಅವರ ಚೂಟಿನಲ್ಲಿ ರೊಕ್ಕ ಇದೆ, ಜಾಬ್ಸ್ ಚೂಟಿನಲ್ಲಿ ಬರೀ ಫೋಟೋ ಇತ್ತು.

ಆ ಮಾತು ಪೂರ್ತಿ ನಿಜವಲ್ಲ ಬಿಡಿ, ಫೋನಿನ ಚೂಟಿನಲ್ಲೂ ಈಗ ರೊಕ್ಕ ಬಂದಿದೆ. ಹೊಲದ ಉತಾರ, ಅಂದರೆ ಪಹಣಿ, ಫೋನಿಗೆ ಬರುತ್ತದಲ್ಲ, ಅದರ ಅಕ್ಷರ ಇರುವೆ ಗಾತ್ರ. ಮುಧೋಳ ಕಡೆಯ ಬೀಗರು ಕನ್ಯಾ ಕೊಡುವ ಮುಂಚೆ ಮಾಡುವ ಮೊದಲ ಕೆಲಸ, ವರನ ಮನೆಯ ಉತಾರವನ್ನು ಎರಡು ಬೆರಳಲ್ಲಿ ಹಿಗ್ಗಿಸುವುದು. ಕಾಲಂ 9ರಲ್ಲಿ ಹೆಸರು ಯಾರದು? ಅಪ್ಪನದೋ, ನಾಲ್ಕು ಮಂದಿ ಅಣ್ಣತಮ್ಮಂದಿರದೋ? ಆಮೇಲೆ ಬೆರಳು ಮೆಲ್ಲಗೆ ಕಾಲಂ 11ರ ಕಡೆ ಸರಿಯುತ್ತದೆ. ಅಲ್ಲಿ ಬ್ಯಾಂಕಿನ ಸಾಲ, ಸೊಸೈಟಿ ಸಾಲ ಎಲ್ಲ ಬರೆದಿರುತ್ತದೆ. "ಹುಡುಗ ಚೊಲೋ ಅದಾನ, ಆದ್ರ ಹನ್ನೊಂದರಾಗ ಭಾಳ ಬರದಾರಲ್ರೀ" ಎಂದು ಹಿರಿಯರು ಫೋನು ಕೆಳಗಿಟ್ಟರೆ ಸಂಬಂಧ ಅಲ್ಲಿಗೆ ಮುಗಿಯಿತು. ಇಷ್ಟು ಗಂಡುಗಳ ಹಣೆಬರಹ ಬದಲಿಸಿದ ಸನ್ನೆ ಇನ್ನೊಂದಿಲ್ಲ.

ಮುಧೋಳದ ನಾಯಿಯನ್ನೂ ಹೀಗೆ ನೋಡುವುದೇ ಕ್ಷೇಮ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ಸಣ್ಣ ನಡುವಿನ ಬೇಟೆನಾಯಿಗೆ ಹೊರಗಿನವರು ಮುಟ್ಟಿದರೆ ಆಗಿಬರುವುದಿಲ್ಲ. ಪರದೆಯ ಮೇಲೆ ಎಷ್ಟು ಬೇಕಾದರೂ ಚೂಟಿ.

ಮೇಲಿಂದ ಕೆಳಗೆ ಎಳೆದು ಬಿಡುವುದಕ್ಕೆ ಯಾವ ಸ್ಥಾನ ಕೊಡಬೇಕೆಂದು ನನ್ನೊಳಗೆ ಇನ್ನೂ ಜಗಳವಿದೆ. ಲಾರೆನ್ ಬ್ರಿಕ್ಟರ್ ಎಂಬ ಹುಡುಗ ಟ್ವೀಟಿ ಎಂಬ ಆಪ್‌ಗಾಗಿ ಇದನ್ನು ಹುಟ್ಟಿಸಿದ. ಎಳೆದು ಬಿಟ್ಟರೆ ಚಕ್ರ ತಿರುಗಿ ಹೊಸದೇನಾದರೂ ಬಂದಿದ್ದರೆ ತೋರಿಸುತ್ತದೆ. ಇದು ಚಟ ಹತ್ತಿಸುತ್ತದೆ ಎಂದು ಮುಂದೆ ಅವನೇ ಒಪ್ಪಿಕೊಂಡ. ಅವನು ನಮ್ಮ ಕಡೆಗೆ ಒಮ್ಮೆ ಕಬ್ಬಿನ ಹಂಗಾಮಿನಲ್ಲಿ ಬರಬೇಕಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ಬಿಲ್ಲು ಕೈಸೇರಬೇಕು. ಆದೇಶ ಹಾಳೆಯ ಮೇಲಿದೆ, ರೈತ ಬ್ಯಾಂಕಿನ ಆಪ್ ಮೇಲಿದ್ದಾನೆ. ಎಳೆಯುತ್ತಾನೆ, ಬಿಡುತ್ತಾನೆ. ಹಳೆಯ ಬಾಕಿಯೇ ಕಾಣುತ್ತದೆ. ಮೆಲ್ಲಗೆ ಎಳೆದದ್ದಕ್ಕೆ ಬರಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಜಗ್ಗುತ್ತಾನೆ. ಪಕ್ಕದಲ್ಲಿ ಅವನ ಹೆಂಡತಿಯೂ ಗೃಹಲಕ್ಷ್ಮಿಯ 2000 ರೂಪಾಯಿಗಾಗಿ ಇನ್ನೊಂದು ಫೋನು ಜಗ್ಗುತ್ತಿರುತ್ತಾಳೆ. ಮನೆಯಲ್ಲಿ ಹಗ್ಗ ಜಗ್ಗಾಟ, ಆದರೆ ಎದುರು ಬದಿಯಲ್ಲಿ ಯಾರೂ ಇಲ್ಲ.

ಕೈಮಗ್ಗದಲ್ಲಿ ಜಗ್ಗಿದ್ದಕ್ಕೆ ಉತ್ತರವಿರುತ್ತದೆ. ಹಗ್ಗ ಜಗ್ಗಿದರೆ ಲಾಳಿ ಆಚೆ ದಡಕ್ಕೆ ಹೋಗಿ ಠಪ್ ಎನ್ನುತ್ತದೆ. ಹೋಗದಿದ್ದರೆ ಯಾಕೆ ಹೋಗಲಿಲ್ಲ ಎಂಬುದು ಕಣ್ಣೆದುರೇ ಇರುತ್ತದೆ. ಪಾವರ್‌ಲೂಮೂ ಅಷ್ಟೇ, ಹೊಕ್ಕಿನ ನೂಲು ಹರಿದರೆ ಗಕ್ಕನೆ ನಿಲ್ಲುತ್ತದೆ. ಫೋನಿನ ಸನ್ನೆಗಳ ಮೇಲೆ ನನಗಿರುವ ಸಿಟ್ಟೆಲ್ಲ ಇದೇ ವಿಷಯಕ್ಕೆ: ಗೊತ್ತಾಗದೆ ಮುಟ್ಟುತ್ತೇವೆ, ಏನೋ ಆಗುತ್ತದೆ, ಏನು ಮುಟ್ಟಿದ್ದಕ್ಕೆ ಏನಾಯಿತೆಂದು ಅದು ಬಾಯಿ ಬಿಡುವುದಿಲ್ಲ. ಕೆಲವು ಫೋನಿನಲ್ಲಿ ಮೂರು ಬೆರಳು ಕೆಳಗೆ ಸವರಿದರೆ ಪರದೆಯ ಫೋಟೋ ಬೀಳುತ್ತದೆ. ಯಾರಿಗೆ ಬೇಕಿತ್ತು? ಜೋಳದ ರೊಟ್ಟಿ ತಟ್ಟಿದ ಹಾಗೆ ಅಂಗೈಯಗಲ ಫೋನು ಬಡಿಯುವ ನಮ್ಮ ಅವ್ವಂದಿರ ಗ್ಯಾಲರಿ ತೆಗೆದು ನೋಡಿ, ಮೊಮ್ಮಕ್ಕಳ ಫೋಟೋಕ್ಕಿಂತ ಪರದೆಯ ಫೋಟೋಗಳೇ ಜಾಸ್ತಿ. ಆಪ್‌ನ ಗುರುತನ್ನು ಕೊಂಚ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಅದು ಜಾಗ ಬಿಟ್ಟು ಕದಲುತ್ತದೆ. "ನನ್ನ ಫೋನ್‌ಪೇ ಯಾರೋ ಕದ್ದಾರ" ಎಂದು ಜಮಖಂಡಿಯ ಮೊಬೈಲ್ ಅಂಗಡಿಗೆ ಓಡಿ ಬಂದವರನ್ನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯ ಹುಡುಗ ಎರಡನೆಯ ಪುಟದಿಂದ ಅದನ್ನು ಎಳೆದು ತಂದು ಮೊದಲಿದ್ದಲ್ಲಿ ಇಟ್ಟ. ಇಪ್ಪತ್ತು ರೂಪಾಯಿ. ಕದ್ದವನಾರೆಂದು ಹೇಳಲಿಲ್ಲ.

ಮುಧೋಳ ಕವಿ ರನ್ನನ ಊರು, ರನ್ನ ಬಳೆಗಾರರ ಮನೆಯ ಮಗ. ಎದುರಿಗಿರುವವರ ಕೈಯನ್ನು ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಬಳೆ ತೊಡಿಸುವವರಿಗೆ ತಿಳಿದಷ್ಟು ಫೋನು ಮಾಡುವವರಿಗೆ ತಿಳಿದಿಲ್ಲ. ಇಲ್ಲದಿದ್ದರೆ ಜಾಹೀರಾತು ಮುಚ್ಚುವ ಆ ಗುಣಾಕಾರದ ಗುರುತನ್ನು ಸಾಸಿವೆ ಕಾಳಿನಷ್ಟು ಇಡುತ್ತಿದ್ದರೇ? ಬೆರಳು ಬೀಳುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಎಂದು ಗೂಗಲ್ಲೇ ಆಪ್ ಮಾಡುವವರಿಗೆ ಬುದ್ಧಿ ಹೇಳಿದೆ. ಕಬ್ಬು ಕಡಿಯುವವನ ಹೆಬ್ಬೆರಳಿಗೆ ಆ 9 ಕೂಡ ಸಾಲದು. ಅವನು ಮುಚ್ಚಲು ಒತ್ತಿದ್ದು ಪಕ್ಕಕ್ಕೆ ತಾಗಿ, ಅವನಿಗೆ ಗೊತ್ತೇ ಇಲ್ಲದ ರಮ್ಮಿ ಆಟ ತೆರೆದುಕೊಳ್ಳುತ್ತದೆ.

ರೀಲ್ಸಿನ ಮೇಲಕ್ಕೆ ತಳ್ಳುವ ಆಟದ ಬಗ್ಗೆ ಬೈದು ಬೈದು ಎಲ್ಲರಿಗೂ ಸಾಕಾಗಿದೆ, ನಾನು ಬೈಯುವುದಿಲ್ಲ. ನನ್ನ ಪಾಲಿನ ಕಡುವೈರಿ ಬೇರೆ: ಪರದೆಯ ಅಂಚಿನಿಂದ ಒಳಗೆ ಸವರಿದರೆ ಹಿಂದಕ್ಕೆ ಹೋಗುವುದು. 2019ರಲ್ಲಿ ಆಂಡ್ರಾಯ್ಡ್ 10ರ ಜೊತೆ ಬಂತು. ಅರ್ಜಿ ತುಂಬುತ್ತ ತುಂಬುತ್ತ ಹೆಸರು, ತಂದೆ ಹೆಸರು, ಆಧಾರ್ ನಂಬರು, ಜಾತಿ, ಪಂಗಡ ಎಲ್ಲ ಹಾಕಿ, ಇನ್ನೇನು ಓಟಿಪಿ ಬರಬೇಕು ಅನ್ನುವಾಗ ಫೋನು ಹಿಡಿದ ಕೈಯ ಹೆಬ್ಬೆರಳು ಅಂಚಿಗೆ ತಾಗುತ್ತದೆ. ಎಲ್ಲ ಮಾಯ. ಮತ್ತೆ ಹೆಸರು, ತಂದೆ ಹೆಸರು. ಓಟಿಪಿ ಮಾತ್ರ ಆಗ ಬಂದು ‘ಯಾರಿಗೂ ಹೇಳಬೇಡಿ’ ಅನ್ನುತ್ತದೆ.

ಇದಕ್ಕೊಂದು ಪರಿಹಾರವಿದೆ, ಜಮಖಂಡಿಯ ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಡುವ ಬದಲು ಇಲ್ಲೇ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ಎಂದು ಹುಡುಕಿ, ಮೂರು ಬಟನ್ ಎಂಬುದನ್ನು ಆರಿಸಿ. ಹಿಂದಕ್ಕೆ ಹೋಗಲು ಒಂದು, ಮನೆಗೆ ಒಂದು, ತೆರೆದಿಟ್ಟಿದ್ದೆಲ್ಲ ನೋಡಲು ಒಂದು, ಮೂರೂ ಕೆಳಗೆ ಬಂದು ನೆಟ್ಟಗೆ ನಿಲ್ಲುತ್ತವೆ. ಒತ್ತಿದರೆ ಉಂಟು, ಒತ್ತದಿದ್ದರೆ ಇಲ್ಲ. "ಅಜ್ಜಾ, ಇದು ಹಳೇ ಸ್ಟೈಲ್" ಎಂದು ಮೊಮ್ಮಗ ನಕ್ಕರೆ, ಅವನ ಕೈಯಿಂದ ಫೋನು ಕಸಿದುಕೊಂಡು ಮಗ್ಗದ ನೂಲಿನ ಕಂಡಿಕಿ ಸುತ್ತಲು ಕೂಡಿಸಿ. ಅವನ ಬೆರಳೂ ತುಸು ಗಟ್ಟಿಯಾಗಲಿ, ಆಮೇಲೆ ಮಾತಾಡೋಣ.